ಹಾಜರಿ ಕರೆಯುವವರಾರು?

36 ವರ್ಷಗಳ ಕಾಲ ಮಕ್ಕಳ ಹಾಜರಿ ಕರೆದವನಿಗೆ ಚರ್ಚಿನಲ್ಲಿಯೂ ಅದೇ ಚಾಳಿ. ಭಾನುವಾರದ ಪೂಜೆಯಲ್ಲಿ ಗುರುಗಳ ಪ್ರಬೋಧನೆ ನಡೆಯುತ್ತಿರುವಾಗಲೇ ನನ್ನ ಕಣ್ಣು ಬೆಂಚುಗಳ ಮೇಲೆ ಹರಿದಾಡಿ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಇದು ಭಕ್ತನಿಗೆ ತಕ್ಕ ನಡತೆಯಲ್ಲವೆಂದು ನಾನೇ ನಾಚಿಕೊಂಡದ್ದೂ ಉಂಟು. ಆದರೆ ಧರ್ಮಕೇಂದ್ರವೆಂಬುದರ ಜೀವಾಳವೇ ಆ ಹಾಜರಿಯಲ್ಲಿದೆ ಎಂಬುದನ್ನು ಮಹಾಮಾರಿಯ ದಿನಗಳು ನನಗೆ ಕಲಿಸಿದವು. ಆ ಪಾಠವನ್ನು ನಾವು ಮರೆಯುತ್ತಿದ್ದೇವೆಂಬ ಆತಂಕದಿಂದ ಈ ನಾಲ್ಕು ಮಾತು.

2020ರ ಮಾರ್ಚ್ 25ರಂದು ಇಡೀ ದೇಶಕ್ಕೇ ಬೀಗ ಬಿದ್ದಾಗ ನಮ್ಮ ತಪಸ್ಸುಕಾಲ ಇನ್ನೂ ಮುಗಿದಿರಲಿಲ್ಲ. ಏಪ್ರಿಲ್ 5 ಗರಿಗಳ ಭಾನುವಾರ. ಗರಿ ಹಿಡಿದು ಹಾಡುತ್ತಾ ಮೆರವಣಿಗೆ ಹೋಗುತ್ತಿದ್ದ ನಾವು ಅಂದು ಮಗಳು ಜೋಡಿಸಿಟ್ಟ ಫೋನಿನ ಮುಂದೆ ಕುಳಿತೆವು. ಅದೇ ರಾತ್ರಿ ಒಂಬತ್ತಕ್ಕೆ ಪ್ರಧಾನಿಗಳ ಕರೆಯಂತೆ ಊರ ಮನೆಗಳೆಲ್ಲ ದೀಪ ಹಚ್ಚಿದವು. ಆ ವರ್ಷ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಕೈಬಿಡುವಂತೆ ರೋಮಿನಿಂದಲೇ ಸೂಚನೆ ಬಂದಿತ್ತು. ಏಪ್ರಿಲ್ 12ರ ಪಾಸ್ಖ ಹಬ್ಬವೂ ಅಂಗೈಯಗಲದ ಪರದೆಯ ಮೇಲೆಯೇ ಮುಗಿಯಿತು.

ಚರ್ಚುಗಳನ್ನು ಮುಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಜನ ಗುಂಪುಗೂಡಿ ಒಬ್ಬರಿಂದೊಬ್ಬರಿಗೆ ರೋಗ ಹರಡುವುದಕ್ಕೆ ಪ್ರಾರ್ಥನೆಯ ನೆಪ ಸಲ್ಲದು. ಆ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸರು ಮಳೆಯಲ್ಲಿ ನೆನೆಯುತ್ತಿದ್ದ, ಜನರೇ ಇಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು ಲೋಕವನ್ನು ಆಶೀರ್ವದಿಸಿದ್ದನ್ನು ಕಂಡು ನಾನೂ ಕಣ್ಣೊರೆಸಿಕೊಂಡೆ. ಅಲ್ಲಿ ಇರಿಸಿದ್ದ ಮರದ ಶಿಲುಬೆ, 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಹೊರಟಿದ್ದ ಶಿಲುಬೆ. ಅದೇ ಪೋಪರು, ಏಪ್ರಿಲ್ 17ರ ಬೆಳಗಿನ ಪೂಜೆಯಲ್ಲಿ, ಜನರಿಲ್ಲದ, ಸಂಸ್ಕಾರಗಳಿಲ್ಲದ ಇಂತಹ ನಂಟು ಕಷ್ಟಕಾಲಕ್ಕೆ ಮಾತ್ರ, ಇದೇ ಧರ್ಮಸಭೆಯೆಂದು ಭಾವಿಸಬಾರದು ಎಂಬ ಅರ್ಥದ ಎಚ್ಚರಿಕೆಯನ್ನೂ ಕೊಟ್ಟರು. ನಾನು ಕಣ್ಣೀರನ್ನು ನೆನಪಿಟ್ಟುಕೊಂಡೆ, ಎಚ್ಚರಿಕೆಯನ್ನು ಮರೆತೆ.

ಜೂನ್ 8ರಿಂದ ಧಾರ್ಮಿಕ ಸ್ಥಳಗಳನ್ನು ತೆರೆಯಲು ಅನುಮತಿ ದೊರೆಯಿತು. 65 ದಾಟಿದವರು ಮನೆಯಲ್ಲಿಯೇ ಇರುವುದು ಒಳಿತೆಂಬ ಸಲಹೆಯೂ ಜೊತೆಗಿತ್ತು. ನನಗೆ ಅದು ಹಿತವಾಗಿಯೇ ಕಂಡಿತು. ಕಾಫಿ ಕುಡಿಯುತ್ತಾ, ಆರಾಮ ಕುರ್ಚಿಯಲ್ಲಿ ಕುಳಿತು ಪೂಜೆ ನೋಡುವುದು ರೂಢಿಯಾಗಿಹೋಗಿತ್ತು. 'ನೋಡುವುದು' ಎಂಬ ಪದವನ್ನು ಗಮನಿಸಿ. ಪೂಜೆಯಲ್ಲಿ ಭಾಗವಹಿಸಬೇಕೆಂದು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವನು ನಾನೇ!

ಒಂದು ಸಂಜೆ ಔಷಧಿ ತರಲು ಹೊರಟವನು ಚರ್ಚಿನ ಮುಂದೆ ಹಾದುಹೋಗುತ್ತಿದ್ದೆ. ಗೇಟು ಮುಚ್ಚಿತ್ತು. ಕಾಂಪೌಂಡಿನ ಗೋಡೆಗೆ ಒರಗಿ ಒಬ್ಬ ಮುದುಕಿ ಜಪಸರ ಎಣಿಸುತ್ತಾ ಕುಳಿತಿದ್ದರು. ಹತ್ತಿರ ಹೋಗಿ ನೋಡಿದರೆ ವರ್ಷಗಟ್ಟಲೆ ನಮ್ಮ ಚರ್ಚಿನ ಕಸ ಗುಡಿಸಿದ, ಪೂಜೆಯ ಹೊತ್ತಿಗೆ ಬಲಿಪೀಠದ ಎದುರು ಚಾಪೆಯ ಮೇಲೆ ಕೂರುತ್ತಿದ್ದ ಅಜ್ಜಿ. ಆಕೆಯ ಮನೆ ನಮ್ಮ ಮನೆಯಿಂದ ಮೂರನೆಯ ಬೀದಿ.

"ಏನಜ್ಜಿ, ಇಲ್ಲಿ ಕೂತಿದ್ದೀರಿ? ಫೋನಿನಲ್ಲಿ ಪೂಜೆ ಬರುತ್ತಲ್ಲ" ಎಂದೆ.

"ನಮ್ಮತ್ರ ಅಂಥ ಫೋನೆಲ್ಲೈತೆ ಮೇಷ್ಟ್ರೇ? ಗಂಟೆ ಸದ್ದು ಕೇಳಿದ್ರೆ ಬಂದು ಕೂತ್ಕೋತೀನಿ."

"ಮನೆ ಕಡೆ ಯಾರೂ ಬರಲಿಲ್ಲವೆ?"

"ಯಾರು ಬರ್ತಾರೆ, ಎಲ್ಲರಿಗೂ ಭಯ. ನೀವೂ ಬರಲಿಲ್ಲವಲ್ಲ."

ಆಕೆ ಆಕ್ಷೇಪಿಸುವ ದನಿಯಲ್ಲಿ ಹೇಳಲಿಲ್ಲ. ಆದರೆ ಆ ಮಾತು ನನ್ನನ್ನು ಅನೇಕ ರಾತ್ರಿ ಕಾಡಿತು. ಅಷ್ಟೂ ವಾರ ನಾನು ಪೂಜೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅಜ್ಜಿ ಎಲ್ಲಿ ಎಂದು ಒಂದು ದಿನವೂ ಕೇಳಿರಲಿಲ್ಲ. ಪರದೆಯ ಮೇಲೆ ಬಲಿಪೀಠ ಕಾಣುತ್ತದೆ, ಗುರುಗಳು ಕಾಣುತ್ತಾರೆ. ಖಾಲಿ ಚಾಪೆ ಕಾಣುವುದಿಲ್ಲ.

1576ರಲ್ಲಿ ಮಿಲಾನಿಗೆ ಪ್ಲೇಗು ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊರವರು ಬೀದಿಗಳು ಕೂಡುವೆಡೆ ಬಲಿಪೀಠಗಳನ್ನು ಕಟ್ಟಿಸಿ, ಮನೆಯೊಳಗೇ ಉಳಿಯಬೇಕಾದವರು ಕಿಟಕಿಗಳಿಂದಲೇ ಪೂಜೆ ಕಾಣುವಂತೆ ಮಾಡಿದರು. ನಮ್ಮ ನೇರಪ್ರಸಾರದ ಮೂಲಪುರುಷರೆಂದು ಬೇಕಾದರೆ ಅವರನ್ನು ಕರೆಯೋಣ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ರೋಗಿಗಳಿದ್ದಲ್ಲಿಗೆ ತಾವೇ ಹೋದರು, ಹಸಿದವರಿಗೆ ಅನ್ನ ಹೊಂದಿಸಿದರು. ಕಿಟಕಿಯಿಂದ ಕಂಡ ಪೂಜೆಯ ಬೆನ್ನಿಗೆ ಬಾಗಿಲಿಗೆ ಬಂದ ಮನುಷ್ಯನೂ ಇದ್ದ.

ಅಂಥವರು ನಮ್ಮಲ್ಲಿಯೂ ಇದ್ದರೆಂಬುದನ್ನು 2021ರ ಮೇ ತಿಂಗಳಲ್ಲಿ ಕಂಡೆ. ಎರಡನೆಯ ಅಲೆಯಲ್ಲಿ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ತೀರಿಕೊಂಡರು. ಬಂಧುಗಳು ದೂರದೂರಿನಲ್ಲಿ ಸಿಲುಕಿದ್ದರು. ಪೂಜೆಗೆ ತಡವಾಗಿ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆಂದು ನಾನು ಸದಾ ಗೊಣಗುತ್ತಿದ್ದ ನಾಲ್ವರು ಹುಡುಗರು, ಮೈಯೆಲ್ಲ ಮುಚ್ಚುವ ಆ ಬಿಳಿಯ ಉಡುಪು ತೊಟ್ಟು, ಅವರನ್ನು ಹೊತ್ತು ಮಣ್ಣು ಮಾಡಿದರು. ಶವದಹನಕ್ಕೆ ಧರ್ಮಸಭೆಯ ಅನುಮತಿ 1963ರಿಂದಲೇ ಇದ್ದರೂ, ಹೆಂಡತಿಯ ಸಮಾಧಿಯ ಪಕ್ಕದಲ್ಲೇ ಮಲಗಬೇಕೆಂಬುದು ಆತನ ಆಸೆಯಾಗಿತ್ತು. ಅದನ್ನು ನಡೆಸಿಕೊಟ್ಟವರು ಆ ಹುಡುಗರು. ನಾನು ಅದನ್ನೂ ಫೋನಿನಲ್ಲಿಯೇ ನೋಡಿದೆ.

ಆ ದಿನಗಳು ಕಳೆದು ವರ್ಷಗಳೇ ಆದವು. ಆದರೂ ಆಗಿನ ಏರ್ಪಾಡು ಹಲವೆಡೆ ಹಾಗೆಯೇ ಉಳಿದಿದೆ. ಹಾಸಿಗೆ ಹಿಡಿದವರಿಗೆ ನೇರಪ್ರಸಾರ ದೊಡ್ಡ ಸಾಂತ್ವನ, ಅದನ್ನು ನಿಲ್ಲಿಸಬೇಕೆಂದು ನಾನು ಹೇಳೆನು. ನನ್ನ ತಕರಾರು ಇಷ್ಟೆ: "ಅವರು ಫೋನಿನಲ್ಲಿ ನೋಡಿಕೊಳ್ಳುತ್ತಾರೆ ಬಿಡಿ" ಎಂಬ ಮಾತು, ಅವರ ಮನೆಗೆ ಹೋಗದಿರುವುದಕ್ಕೆ ನಮಗೊಂದು ಸಬೂಬಾಗಬಾರದು. ಹೊಸ ಕ್ಯಾಮರಾ ಕೊಳ್ಳುವ ಮುನ್ನ ಪ್ರತಿ ಬೀದಿಗೊಂದು ಹಾಜರಿ ಪುಸ್ತಕವಿರಲಿ. ಚರ್ಚಿಗೆ ಬರಲಾಗದವರ ಹೆಸರು ಅದರಲ್ಲಿರಲಿ. ಗುರುಗಳೊಬ್ಬರಿಂದಲೇ ಎಲ್ಲವೂ ಆಗದು. ಅನುಮತಿ ಪಡೆದ ಗೃಹಸ್ಥರೂ ಪರಮಪ್ರಸಾದವನ್ನು ರೋಗಿಗಳಿಗೆ ಒಯ್ಯಬಹುದು. ಅದಾಗದವರು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಬರಬಹುದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಕಳೆದ ಭಾನುವಾರ ಮಂಡಿನೋವೆಂದು ನಾನು ಚರ್ಚಿಗೆ ಹೋಗಲಿಲ್ಲ, ಫೋನಿನಲ್ಲಿಯೇ ಪೂಜೆ ನೋಡಿದೆ. ಹತ್ತು ಗಂಟೆಯ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕೋಲೂರಿಕೊಂಡು ಅಜ್ಜಿ ನಿಂತಿದ್ದರು.

"ಯಾಕ್ ಮೇಷ್ಟ್ರೇ, ಇವತ್ತು ಬರಲಿಲ್ಲ?"