ಗಾಡಿಯ ವಯಸ್ಸನ್ನಲ್ಲ, ಗಾಡಿಯನ್ನು ನೋಡಿ

ಮುರಿದ ಸಾಮಾನಿಗೆ ಕನ್ನಡದಲ್ಲಿ ಗುಜರಿ ಎನ್ನುತ್ತೇವೆ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಮೇಲೆ ಭಾನುವಾರ ನೆರೆಯುವ ಸಂತೆಗೂ ಗುಜರಿ ಬಜಾರ್ ಎಂದೇ ಹೆಸರು. ಊರು ಕಟ್ಟಿಸಿದ ಸುಲ್ತಾನ ಅಹಮದ ಶಹನ ಕಾಲದಿಂದ ನಡೆದು ಬಂದದ್ದೆಂದು ಪ್ರತೀತಿ. ಆ ಸಂತೆಯಲ್ಲಿ ಒಬ್ಬ ಬೇಡವೆಂದು ಬಿಸುಟ ಸ್ಪಾನರು ಇನ್ನೊಬ್ಬನ ಕೈಯಲ್ಲಿ ಮತ್ತೆ ಹತ್ತು ವರ್ಷ ದುಡಿಯುತ್ತದೆ. ಅದೇ ಅಹಮದಾಬಾದಿನ ಮಗ್ಗುಲಿನ ಗಾಂಧಿನಗರದಲ್ಲಿ 2021ರ ಆಗಸ್ಟ್ 13ರಂದು ನಡೆದ ಸಮ್ಮೇಳನದಲ್ಲಿ ಪ್ರಧಾನ ಮಂತ್ರಿಗಳು ವಾಹನ ಗುಜರಿ ನೀತಿಗೆ ಚಾಲನೆ ಕೊಟ್ಟರು. ಸಮ್ಮೇಳನ ಯಾರದು? ಬಂಡವಾಳ ಹೂಡುವವರದು. ಗಾಡಿ ಓಡಿಸುವವನನ್ನಾಗಲಿ ರಿಪೇರಿ ಮಾಡುವವನನ್ನಾಗಲಿ ಕರೆದು ಸಮ್ಮೇಳನ ಮಾಡಿದ್ದನ್ನು ನಾವು ಕೇಳಿಲ್ಲ.

ಕಾರ್ಮಿಕ ಬಂಧುಗಳೇ, ನಮ್ಮವರಲ್ಲಿ ಹಲವರು ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ಗಾಡಿ ನಂಬಿ ಬದುಕುವವರು. ಹೊಸ ಲಾರಿಯ ಮಾತು ಸದ್ಯಕ್ಕೆ ಬಿಡೋಣ. ಹಳೆಯ ಡೀಸೆಲ್ ಪಿಕಪ್, ಅದರಲ್ಲಿಯೂ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯ ಮಾತು ಆಡೋಣ. ಸ್ವಾತಂತ್ರ್ಯದ ಹೊಸತಿನಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸುವುದರಿಂದ ಮೊದಲುಗೊಂಡ ಮಹೀಂದ್ರದ ವಂಶದ ಗಾಡಿಗಳಿವು. ಭಾಲ್ ಪ್ರದೇಶದ ಉಪ್ಪು ಕೆಸರಿನಲ್ಲಿ, ಛೋಟಾ ಉದೇಪುರದ ಮಳೆಗಾಲದ ಮಣ್ಣು ದಾರಿಯಲ್ಲಿ, ಡಾಂಗಿನ ಕಾಡಿನ ಏರಿನಲ್ಲಿ ಎರಡು ಚಕ್ರದ ಎಳೆತದ ಗಾಡಿ ಹೂತು ನಿಲ್ಲುವ ಕಡೆ ಲೋ ಗೇರು ಹಾಕಿ ಹತ್ತಿ ಬರುವ ಗಾಡಿ. ಯಜಮಾನನೇ ಡ್ರೈವರು, ಮಗನೇ ಕ್ಲೀನರು. ಸಾಲ ತೀರಿರುವುದರಿಂದಲೇ ಆ ಮನೆಯಲ್ಲಿ ಒಲೆ ಉರಿಯುತ್ತದೆ.

ಈ ಗಾಡಿಯ ಮೇಲೆ ಸರಕಾರ ಹೊರಿಸಿರುವ ಭಾರವನ್ನು ನೋಡಿ. ಬಾಡಿಗೆ ಸಾಮಾನು ಹೊರುವ ಗಾಡಿಗೆ ಎಂಟು ವರ್ಷ ಕಳೆದ ಮೇಲೆ ಪ್ರತಿ ವರ್ಷವೂ ಫಿಟ್‌ನೆಸ್ ಆಗಬೇಕು. ಆಗಲಿ, ಅದು ನ್ಯಾಯ. ಬ್ರೇಕು ಹಿಡಿಯದ ಗಾಡಿ ಮೊದಲು ಕೊಲ್ಲುವುದು ಡ್ರೈವರನನ್ನೇ. ಆದರೆ ಪರೀಕ್ಷೆಯ ಶುಲ್ಕವೇಕೆ ಗಾಡಿಯ ಹುಟ್ಟಿದ ವರ್ಷ ಕೇಳಿ ಏರಬೇಕು? 2025ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಲ್ಲಿ 20 ವರ್ಷ ದಾಟಿದ ಲಘು ವಾಹನದ ಫಿಟ್‌ನೆಸ್ಸಿಗೆ 15,000 ರೂಪಾಯಿ, ಭಾರಿ ಲಾರಿಗೆ 25,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಅದಕ್ಕೆ ಮುಂಚೆ ಆ ಭಾರಿ ಲಾರಿ ಕೊಡುತ್ತಿದ್ದುದು 2,500. ಹತ್ತು ಪಾಲು ಹಣ ತೆಗೆದುಕೊಂಡು ಹತ್ತು ಪಾಲು ಪರೀಕ್ಷೆ ಮಾಡುತ್ತಾರೆಯೇ? ಬ್ರೇಕು ನೋಡುವ ರೋಲರು ಅದೇ, ಹೊಗೆ ಅಳೆಯುವ ನಳಿಗೆ ಅದೇ. ಇದನ್ನು ಪರೀಕ್ಷಾ ಶುಲ್ಕವೆಂದು ಕರೆಯುವುದಕ್ಕಿಂತ ದಂಡವೆಂದು ಕರೆಯುವುದು ಪ್ರಾಮಾಣಿಕ. ಹೊಸದನ್ನು ಕೊಳ್ಳಲಾರದ ತಪ್ಪಿಗೆ ದಂಡ.

ಗುಜರಿಗೆ ಹಾಕಿದರೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ ಇದೆಯಲ್ಲಾ ಎನ್ನುವ ಮಹಾಶಯರಿದ್ದಾರೆ. ಸ್ವಂತದ ವಾಹನಕ್ಕೆ ನೂರಕ್ಕೆ 25ರವರೆಗೆ, ಬಾಡಿಗೆ ವಾಹನಕ್ಕೆ ನೂರಕ್ಕೆ 15ರವರೆಗೆ. ದುಡಿದು ತಿನ್ನುವವನ ಗಾಡಿಗೆ ಕಡಿಮೆ, ಸವಾರಿ ಹೋಗುವವನ ಗಾಡಿಗೆ ಹೆಚ್ಚು! ಗುಜರಿಯ ಬೆಲೆಯೋ, ಹೊಸ ಗಾಡಿಯ ಬೆಲೆಯ ನೂರಕ್ಕೆ ನಾಲ್ಕರಿಂದ ಆರು. ಮಿಕ್ಕ ತೊಂಬತ್ತನ್ನು ಎಲ್ಲಿಂದ ತರಬೇಕು? ಸಾಲದ ಕಂಪನಿಯ ಬಾಗಿಲಿನಿಂದ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಮುಡಿಯಲು ಹೇಳಿದ ಹಾಗಾಯಿತು.

ಇನ್ನು ಈ ಹಳೆಯ ಇಂಜಿನು ಅಷ್ಟು ಕೆಟ್ಟದ್ದೇ? ಅದನ್ನು ಬಿಚ್ಚಿ ನೋಡಿದವರನ್ನು ಕೇಳಬೇಕು. ಯಾಂತ್ರಿಕ ಪಂಪಿನ ಡೀಸೆಲ್ ಇಂಜಿನು ಒಮ್ಮೆ ಶುರುವಾಯಿತೆಂದರೆ ಅದಕ್ಕೆ ಬೇಕಾದುದು ಗಾಳಿ ಮತ್ತು ಎಣ್ಣೆ. ಕೆಲವು ಪಂಪುಗಳಲ್ಲಿ ಎಣ್ಣೆ ತಡೆಯುವ ಒಂದು ಸೊಲೆನಾಯ್ಡ್ ಇರುವುದನ್ನು ಬಿಟ್ಟರೆ ವಿದ್ಯುತ್ತಿನ ಹಂಗು ಅದಕ್ಕಿಲ್ಲ. ಆ ಪಂಪುಗಳನ್ನೂ ನಾಝಲುಗಳನ್ನೂ ದೇಶಕ್ಕೆಲ್ಲ ಒದಗಿಸಿದ ಮೈಕೋ, 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಾರ್ಖಾನೆ; 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಪ್ಲಂಜರನ್ನು ಉಜ್ಜಿ ಕೂಡಿಸಿದ ಕೈಗಳಲ್ಲಿ ನಮ್ಮ ಕನ್ನಡದ ಕೈಗಳು ಎಷ್ಟೋ. ಗುಜರಾತಿನ ಹಳ್ಳಿಯ ದಾರಿಯಲ್ಲಿ ಇಂದಿಗೂ ಆ ಪಂಪು ದುಡಿಯುತ್ತಿದ್ದರೆ ಅದು ಆ ಕೆಲಸಕ್ಕೆ ಸಂದ ಗೌರವ.

ನೆರೆ ಬಂದಾಗ ಈ ಮಾತಿನ ಬೆಲೆ ತಿಳಿಯುತ್ತದೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ವಡೋದರದ ಮನೆಗಳಿಗೆ ನುಗ್ಗಿತು. ಮುಳುಗಿದ ಹೊಸ ಗಾಡಿಯ ಕಂಪ್ಯೂಟರಿಗೂ ತಂತಿಗಳಿಗೂ ಕೆಸರುನೀರು ಹೊಕ್ಕರೆ ಅದನ್ನು ಎತ್ತುವುದಕ್ಕಿಂತ ಪೂರ್ತಿ ನಷ್ಟವೆಂದು ಬರೆದುಬಿಡುವುದೇ ವಿಮೆಯವರಿಗೆ ಸುಲಭ. ಹಳೆಯ ಪಿಕಪ್ಪನ್ನು ಬಲ್ಲ ಮಿಸ್ತ್ರಿ ಎತ್ತುತ್ತಾನೆ. ಹೇಗೆ? ಮೊಟ್ಟಮೊದಲು, ಸೆಲ್ಫ್ ಹೊಡೆಯಲು ಬಿಡುವುದಿಲ್ಲ. ಗಾಳಿಯ ಹಾಗೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಇಂಜಿನು ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಇಂಜೆಕ್ಟರುಗಳನ್ನು ಬಿಚ್ಚಿ, ಕೈಯಿಂದ ಕ್ರ್ಯಾಂಕು ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸುತ್ತಾನೆ. ಟ್ಯಾಂಕನ್ನು ಇಳಿಸಿ ತೊಳೆಯುತ್ತಾನೆ, ಏಕೆಂದರೆ ಪಂಪಿಗೆ ನೀರಿನಂಥ ಶತ್ರುವಿಲ್ಲ. ಇಂಜಿನಿನ ಆಯಿಲ್ ಚೆಲ್ಲುತ್ತಾನೆ. ಅಷ್ಟಕ್ಕೆ ಕೈ ತೊಳೆದುಕೊಂಡರೆ ಅವನು ನಾಲ್ಕು ಚಕ್ರದ ಗಾಡಿ ಬಲ್ಲವನಲ್ಲ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್, ಹೀಗೆ ನಾಲ್ಕು ಕಡೆಯ ಆಯಿಲ್ ನೋಡಬೇಕು. ಬಿಸಿಯಾಗಿದ್ದ ಡಬ್ಬಿ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನ ದಾರಿಯಲ್ಲಿ ನೀರನ್ನೇ ಹೀರಿಕೊಂಡಿರುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ತೊಳೆದು, ಹೊಸದು ಹಾಕಬೇಕು. ಮುಂದಿನ ಹಬ್ಬು ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸು ತುಂಬಬೇಕು. ಬ್ರೀದರಿಗೆ ಒಂದು ರಬ್ಬರು ನಳಿಗೆ ಸೇರಿಸಿ ಎತ್ತರಕ್ಕೆ ಒಯ್ದು ಕಟ್ಟಿದರೆ ಮುಂದಿನ ನೆರೆಗೆ ಈ ಕಷ್ಟ ಅರ್ಧ ತಪ್ಪುತ್ತದೆ. ಗಾಡಿ ಬದಲಾಯಿಸುವುದು ಎಂದರೆ ಇದು. ಕೆಲಸಕ್ಕೆ ಬರುವ ಬದಲಾವಣೆ.

ಈಗ ಕಹಿಯಾದ ಮಾತು. ನಮ್ಮ ಕಡೆಯವರೆಂದು ಮುಚ್ಚಿಡಬಾರದು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆ 2012ರಲ್ಲಿಯೇ ಸಾರಿತು. ಆ ಹೊಗೆಯನ್ನು ಮೊದಲು ಕುಡಿಯುವವನು ಗ್ಯಾರೇಜಿನ ಹುಡುಗ. ಪಂಪಿನ ಸೀಲು ಒಡೆದು, ಸ್ಕ್ರೂ ತಿರುಗಿಸಿ, ಎಣ್ಣೆ ಹೆಚ್ಚಿಸಿ, 'ನೋಡಿ ಅಣ್ಣಾ, ಪಿಕಪ್ ಹೇಗೆ ಬಂತು' ಎನ್ನುವ ಮಿಸ್ತ್ರಿ ಅವನ ಪುಪ್ಪುಸಕ್ಕೆ ಮಸಿ ಬಳಿಯುತ್ತಿದ್ದಾನೆ. ಕಪ್ಪು ಹೊಗೆ ಎಂದರೆ ಗಾಳಿಗೆ ಮೀರಿದ ಎಣ್ಣೆ. ಅದು ಶಕ್ತಿಯೂ ಅಲ್ಲ, ಉಳಿತಾಯವೂ ಅಲ್ಲ. ನಾಝಲನ್ನು ಪರೀಕ್ಷೆಯ ಸ್ಟ್ಯಾಂಡಿಗೆ ಹಾಕಿ ಒತ್ತಡ ನೋಡಿ, ಟೈಮಿಂಗು ಕೂಡಿಸಿ, ಏರ್ ಫಿಲ್ಟರ್ ಬದಲಾಯಿಸಿದರೆ ಅದೇ ಇಂಜಿನು ಎಷ್ಟೋ ಶುದ್ಧವಾಗಿ ಉರಿಯುತ್ತದೆ. ಹೊಸ ಮಾದರಿಯಷ್ಟು ಶುದ್ಧವಾಗುವುದಿಲ್ಲ, ಒಪ್ಪೋಣ. ಆದರೂ ತಿರುಚಿದ ಪಂಪಿಗೂ ತಿದ್ದಿದ ಪಂಪಿಗೂ ಅಜಗಜಾಂತರ.

ಇನ್ನೊಂದು ಬಗೆಯವರು ಶೋಕಿಯವರು. ದುಡಿದ ಗಾಡಿಯನ್ನು ಅಗ್ಗಕ್ಕೆ ಕೊಂಡು, ಆನೆಗಾಲಿನಂಥ ಟಯರು ತೊಡಿಸಿ, ಕಣ್ಣು ಕುಕ್ಕುವ ದೀಪಸಾಲು ಕಟ್ಟಿ ಹೆದ್ದಾರಿಯಲ್ಲಿ ಮೆರೆಯುತ್ತಾರೆ. ಚಕ್ರ ದೊಡ್ಡದಾದಷ್ಟೂ ಬ್ರೇಕಿನ ಹಿಡಿತ ಕುಗ್ಗುತ್ತದೆ, ಆಕ್ಸಲಿನ ಮೇಲೆ ಭಾರ ಏರುತ್ತದೆ. ಆ ಲೆಕ್ಕ ಅವರಿಗೆ ಬೇಕಿಲ್ಲ. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಹಾಕಿ ತಿರುವಿನಲ್ಲಿ ತಿರುಗಿಸಿ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿದುಕೊಂಡು ಬರುವವರೂ ಇವರೇ. ಇವರ ಹೆಸರಿನಲ್ಲಿ ಕಾಯಿದೆ ಬಿಗಿಯಾಗುತ್ತದೆ, ಬಿಗಿತ ಬಡವನ ಕೊರಳಿಗೆ ಬರುತ್ತದೆ.

ಕಾಯಿದೆ ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಾಯಿತು. ಮಾರ್ಪಾಟೆಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದು ಕಾಯಿದೆಯೇ ವಿವರಿಸಿದೆ. ವಿವರಣೆ ಪುಸ್ತಕದಲ್ಲಿ ಭದ್ರವಾಗಿದೆ. ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಬ್ರೀದರಿನ ನಳಿಗೆ ಮೂಲ ಲಕ್ಷಣವೋ ಅಲ್ಲವೋ ಎಂದು ವಾದಿಸಲು ಡ್ರೈವರನ ಹತ್ತಿರ ವಕೀಲನಿಲ್ಲ. ಇದೇ ಗುಜರಾತಿನ ಸೌರಾಷ್ಟ್ರದಲ್ಲಿ ಮೋಟಾರು ಸೈಕಲಿನ ಮುಂಭಾಗಕ್ಕೆ ಡೀಸೆಲ್ ಇಂಜಿನು, ಹಿಂದೆ ಬಂಡಿಯ ತೊಟ್ಟಿಲು ಜೋಡಿಸಿ ಛಕಡೋ ಎಂಬ ಗಾಡಿ ಹುಟ್ಟಿಸಿದವರು ಕುಲುಮೆಯ ಮಿಸ್ತ್ರಿಗಳಲ್ಲವೆ? ಅದನ್ನೇ ಕಾರ್ಖಾನೆ ಮಾಡಿದಾಗ ಮಾದರಿ ಎನಿಸಿಕೊಂಡಿತು.

ಹೊಸ ಗಾಡಿ ಕೊಂಡರೂ ಮಿಸ್ತ್ರಿಗೆ ಬಾಗಿಲು ತೆರೆಯುವುದಿಲ್ಲ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6ರ ಇಂಜಿನಿನಲ್ಲಿ ದೋಷ ಹುಡುಕಲು ಸ್ಕ್ಯಾನರು ಬೇಕು, ಪೂರ್ತಿ ಮಾಹಿತಿ ಕಂಪನಿಯ ಕೀಲಿಕೈಯಲ್ಲಿದೆ. ರಿಪೇರಿಯ ಹಕ್ಕಿನ ವಿಷಯಕ್ಕಾಗಿ ಕೇಂದ್ರದ ಗ್ರಾಹಕ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು, ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಇವೆ. ವರ್ಷದ ಕೊನೆಗೆ ಒಂದು ಜಾಲತಾಣವೂ ಬಂತು. ಜಾಲತಾಣದಲ್ಲಿ ದೂರವಾಣಿ ಸಂಖ್ಯೆ ಸಿಗುವುದು ಬೇರೆ, ಗ್ಯಾರೇಜಿನ ಮೇಜಿನ ಮೇಲೆ ಕೈಪಿಡಿ ಇರುವುದು ಬೇರೆ.

ಆದುದರಿಂದ ನಾವು ಕೇಳಬೇಕಾದುದು ದಾನವಲ್ಲ. ಪರೀಕ್ಷೆ ಬಿಗಿಯಾಗಿರಲಿ, ಶುಲ್ಕ ಎಲ್ಲ ವಯಸ್ಸಿನ ಗಾಡಿಗೂ ಒಂದೇ ಇರಲಿ. ನಪಾಸಾದ ಗಾಡಿಗೆ ಯಾವ ಭಾಗದಲ್ಲಿ ಎಷ್ಟು ದೋಷವೆಂದು ಅಂಕಿಗಳಲ್ಲಿ, ಅದೂ ಗುಜರಾತಿಯಲ್ಲಿಯಾದರೂ ಬರೆದುಕೊಡಲಿ. ತಿದ್ದಿಸಿಕೊಂಡು ಬಂದವನಿಂದ ಎರಡನೆಯ ಸಲ ಪೂರ್ತಿ ಶುಲ್ಕ ಕೀಳುವುದು ಬೇಡ. ಬ್ರೇಕು, ಹೊಗೆ, ನೆರೆಯ ರಕ್ಷಣೆ ಇವುಗಳನ್ನು ಉತ್ತಮಪಡಿಸುವ ಕೆಲಸಗಳು ಇಂತಿಂಥವು ಎಂದು ಪಟ್ಟಿ ಮಾಡಿ, ಅವಕ್ಕೆ ದಂಡವಿಲ್ಲವೆಂದು ಸಾರಿಗೆ ಕಚೇರಿಯ ಗೋಡೆಗೆ ಅಂಟಿಸಲಿ. ಪಂಪು ತಿರುಚಿದವನಿಗೆ ದಂಡ ಹಾಕಲಿ, ನಾವು ಅಡ್ಡ ಬರುವುದಿಲ್ಲ. ಕಂಪನಿಗಳು ಉತ್ಪಾದನೆ ನಿಲ್ಲಿಸಿದ ಮಾದರಿಗಳ ನಕ್ಷೆಗಳನ್ನು ಬಿಡುಗಡೆ ಮಾಡಲಿ. ಇಂಜಿನಿನ ಭಾಗ ಎರಕ ಹೊಯ್ದು ಬಾಳುವ ರಾಜಕೋಟ್ ಇದೇ ರಾಜ್ಯದಲ್ಲಿದೆ.