ಕಣ್ಣಿಗೆ ತಾಗಿದ ಗರಿ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಆಳುಗಳ ಮೈಕೈಗೆ ಗೀರು ತಪ್ಪಿದ್ದಲ್ಲ. ಸೋಗೆಯ ಅಂಚು ಗರಗಸದ ಹಲ್ಲಿನಂತಹುದು. ತೋಳಿಗೆ ಗೀರಿದರೆ ಯಾರೂ ಲಕ್ಷಿಸುವುದಿಲ್ಲ. ಅದೇ ಗರಿ ಕಣ್ಣಿಗೆ ತಾಗಿತೋ, ಎಂತಹ ಗಟ್ಟಿಗನೂ ಮಚ್ಚನ್ನು ಕೆಳಗಿಟ್ಟು ಬದುವಿನ ಮೇಲೆ ಕುಳಿತುಬಿಡುತ್ತಾನೆ. ನೀರು ಧಾರೆಯಾಗಿ ಸುರಿಯುತ್ತದೆ, ಬೆಳಕನ್ನು ಸಹಿಸಲಾಗುವುದಿಲ್ಲ, ರೆಪ್ಪೆಯೊಳಗೆ ಮರಳು ಸೇರಿಕೊಂಡಂತೆ ಭಾಸವಾಗುತ್ತದೆ. ಅನೇಕ ವೇಳೆ ಮರಳೇನೂ ಅಲ್ಲಿರುವುದಿಲ್ಲ. ಇರುವುದು ಗೀರು ಮಾತ್ರ.

ಅಲ್ಲಿಗೆ ಬದುವಿನ ಮೇಲೆಯೇ ವೈದ್ಯ ಆರಂಭವಾಗುತ್ತದೆ. ಒಬ್ಬಾಕೆ ಸೆರಗನ್ನು ಮುದುರಿ ಬಿಸಿಯುಸಿರು ಊದಿ ಕಣ್ಣಿಗೆ ಒತ್ತುತ್ತಾಳೆ. ಮತ್ತೊಬ್ಬರು ನಾಲಗೆಯಿಂದ ಕಸ ತೆಗೆಯುವ ಅಜ್ಜಿಯನ್ನು ನೆನೆಯುತ್ತಾರೆ. ಹರಳೆಣ್ಣೆ, ಎದೆಹಾಲು, ಯಾವುದೋ ಸೊಪ್ಪಿನ ರಸ—ಎಲ್ಲಕ್ಕೂ ಸಾಕ್ಷಿ ಹೇಳುವವರು ಉಂಟು. ಅವರ ಅಂತಃಕರಣವನ್ನು ಸಂಶಯಿಸುವಂತಿಲ್ಲ. ಸಂಶಯವೇನಿದ್ದರೂ ಅವರ ಬೆರಳುಗಳ ಮೇಲೆ.

ಗೀರು ಬೀಳುವುದು ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲದ ಮೇಲೆ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರು. ಮೇಲ್ಪದರವಂತೂ ಅದರ ಹತ್ತರಲ್ಲೊಂದು ಪಾಲು. ಅಲ್ಲಿ ರಕ್ತನಾಳಗಳೇ ಇಲ್ಲ, ನರತಂತುಗಳು ಮಾತ್ರ ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ನಿಬಿಡ. ಸಾಸಿವೆಯಷ್ಟು ಗಾಯಕ್ಕೆ ಅಷ್ಟೊಂದು ನೋವೇಕೆಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ. ಮಾಯುವ ಬಗೆಯೂ ಬೆರಗಿನದೇ: ಅಂಚಿನ ಜೀವಕೋಶಗಳು ಚಪ್ಪಟೆಯಾಗಿ ಜಾರುತ್ತ ಬಂದು ಬಯಲಾದ ಎಡೆಯನ್ನು ಮುಚ್ಚಿಬಿಡುತ್ತವೆ. ಮೇಲುಮೇಲಿನ ಗೀರು ಒಂದೆರಡು, ಹೆಚ್ಚೆಂದರೆ ಮೂರು ದಿನಗಳಲ್ಲಿ ಕಲೆಯನ್ನೂ ಉಳಿಸದೆ ಮಾಯುತ್ತದೆ.

ಇದೇ ಗಾಯ ಆಟದ ಬಯಲಿನಲ್ಲಿಯೂ ಆಗುವುದುಂಟು. ಬಾಸ್ಕೆಟ್‌ಬಾಲ್ ಆಡುವವರಿಗೆ ಎದುರಾಳಿಯ ಉಗುರೇ ಕಬ್ಬಿನ ಗರಿ. 1968ರ ಜನವರಿಯಲ್ಲಿ ಅಮೆರಿಕದ ಲ್ಯೂ ಆಲ್ಸಿಂಡರ್ ಎಂಬ ಏಳಡಿ ಎತ್ತರದ ವಿದ್ಯಾರ್ಥಿಗೆ ಹೀಗೆ ಎದುರಾಳಿಯ ಕೈ ತಗುಲಿ ಕಣ್ಣಿಗೆ ಗೀರಾಯಿತು. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಜಗತ್ತೇ ಬಲ್ಲ ಆಟಗಾರ ಈತನೇ. ಎರಡು ಪಂದ್ಯಗಳನ್ನು ಬಿಟ್ಟು, ಇನ್ನೂ ಪೂರ್ಣ ಗುಣವಾಗದ ಕಣ್ಣಿನಿಂದಲೇ ಹ್ಯೂಸ್ಟನ್ನಿನಲ್ಲಿ ಆಡಿದ. ಹದಿನೆಂಟು ಸಲ ಗುರಿಯಿಟ್ಟು ನಾಲ್ಕು ಸಲ ಮಾತ್ರ ಚೆಂಡನ್ನು ಬುಟ್ಟಿಗೆ ಸೇರಿಸಿದ. ಅವನ ತಂಡ ಸತತ 47 ಗೆಲುವುಗಳ ತರುವಾಯ 71–69ರಿಂದ ಸೋತಿತು.

ಆದರೆ ಉಗುರಿನ ಗೀರಿಗೂ ಗರಿಯ ಗೀರಿಗೂ ಒಂದು ಭೇದವಿದೆ. ಸೋಗೆ, ಭತ್ತದ ಹೊಟ್ಟು, ಮುಳ್ಳು ಇವುಗಳ ಬೆನ್ನೇರಿ ಶಿಲೀಂಧ್ರವೂ ಕಣ್ಣನ್ನು ಹೊಕ್ಕುತ್ತದೆ. 1994ರಲ್ಲಿ ಮಧುರೆಯಲ್ಲಿ ಮೂರು ತಿಂಗಳ ಅವಧಿಯಲ್ಲಿ ಕಣ್ಣಿನ ಹುಣ್ಣಿನ 434 ರೋಗಿಗಳನ್ನು ಪರೀಕ್ಷಿಸಿದಾಗ ಮೂವರಲ್ಲಿ ಸುಮಾರು ಇಬ್ಬರಿಗೆ ಮೊದಲು ಕಣ್ಣಿಗೆ ಏನೋ ಗಾಯವಾಗಿತ್ತು. ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಅರ್ಧಕ್ಕೆ ಸಮೀಪ ಶಿಲೀಂಧ್ರದ ಕೃತ್ಯ. ಹುಣ್ಣು ಮಾಗಿ ಬಿಳಿಯ ಕಲೆ ಉಳಿದರೆ ಹಳ್ಳಿಯವರು ‘ಕಣ್ಣಿನಲ್ಲಿ ಹೂ ಬಿದ್ದಿದೆ’ ಎನ್ನುತ್ತಾರೆ. ಅಷ್ಟು ಕ್ರೂರವಾದ ಸಂಗತಿಗೆ ಅಷ್ಟು ಕೋಮಲವಾದ ಹೆಸರು!

ಇದನ್ನು ತಡೆಯಲು ಮಹಾ ಸಾಹಸವೇನೂ ಬೇಕಾಗಿಲ್ಲವೆಂಬುದನ್ನು ನೇಪಾಳದ ಭಕ್ತಪುರ ತೋರಿಸಿಕೊಟ್ಟಿದೆ. ಅಲ್ಲಿ ಗ್ರಾಮದ ಕಾರ್ಯಕರ್ತರು ಗೀರು ಬಿದ್ದ 442 ಮಂದಿಗೆ ದಿನಕ್ಕೆ ಮೂರು ಸಲದಂತೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. ಗಾಯವಾದ 18 ಗಂಟೆಗಳೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡು ದಿನ ತುಂಬುವುದರೊಳಗೆ ಬಂದ 49 ಜನರಲ್ಲಿ 14 ಮಂದಿಗೆ ಹುಣ್ಣಾಯಿತು. 2001ರಲ್ಲಿ ಪ್ರಕಟವಾದ ಲೆಕ್ಕವಿದು. ‘ನಾಳೆ ನೋಡೋಣ, ಬೆಳಗಾಗಲಿ’ ಎಂಬ ನಮ್ಮ ಮನೆಮಾತಿನ ಬೆಲೆ ಇಲ್ಲಿ ಅಂಕಿಯಲ್ಲಿಯೇ ಕಾಣುತ್ತದೆ.

ಔಷಧದಂಗಡಿಯಲ್ಲಿ ಕೇಳಿ ತರುವ ಹನಿಯ ವಿಚಾರ ಬೇರೆ. ಸ್ಟೀರಾಯ್ಡ್ ಬೆರೆತ ಹನಿ ಕೆಂಪನ್ನು ಬೇಗ ಇಳಿಸುತ್ತದೆ. ಶಿಲೀಂಧ್ರವಿದ್ದರೆ ಅದಕ್ಕೆ ಗೊಬ್ಬರವೂ ಆಗುತ್ತದೆ. ಮರಗಟ್ಟಿಸುವ ಹನಿಯನ್ನು ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದೇ ಇಲ್ಲ. ಕಣ್ಣಿನ ವೈದ್ಯರು ಹಳದಿ ಬಣ್ಣದ ಮದ್ದನ್ನು ಸೋಕಿಸಿ ನೀಲಿ ಬೆಳಕು ಹಾಯಿಸುತ್ತಾರೆ. ಗೀರು ಹಸಿರಾಗಿ ಹೊಳೆದು ತನ್ನ ಉದ್ದಗಲಗಳನ್ನು ತಾನೇ ಹೇಳುತ್ತದೆ. ಹಿಂದೆ ತಪ್ಪದೆ ಕಟ್ಟುತ್ತಿದ್ದ ಕಣ್ಣುಪಟ್ಟಿಯಿಂದ ಗಾಯವೇನೂ ಬೇಗ ಮಾಯದೆಂದು ಈಗ ತಿಳಿದಿದೆ. ಅದರಲ್ಲಿಯೂ ಗರಿಯ ಗಾಯಕ್ಕೆ ಪಟ್ಟಿ ಸಲ್ಲದು.

ಮಾದ ಮೇಲೂ ಒಂದು ತಂಟೆ ಉಳಿಯಬಹುದು. ಹೊಸ ಪದರ ಕೆಳಗಿನದಕ್ಕೆ ಭದ್ರವಾಗಿ ಅಂಟಿರದಿದ್ದರೆ, ತಿಂಗಳುಗಳ ನಂತರ ಒಂದು ನಸುಕಿನಲ್ಲಿ ಕಣ್ಣು ತೆರೆಯುತ್ತಲೇ ರೆಪ್ಪೆ ಅದನ್ನು ಕಿತ್ತುಬಿಡುತ್ತದೆ. ಹಳೆಯ ನೋವು ಮತ್ತೆ ಹೊಸದು. ಉಗುರು, ಎಲೆ, ಕಾಗದದ ಅಂಚು—ಇವುಗಳ ಗೀರಿಗೆ ಈ ಕಾಟ ಹೆಚ್ಚು. ಜಬ್ಬಾರನನ್ನೂ ಅದು ಬಿಡಲಿಲ್ಲ. 1986ರ ಡಿಸೆಂಬರಿನಲ್ಲಿ ಅದರಿಂದಾಗಿ ಕೆಲವು ಪಂದ್ಯಗಳು ತಪ್ಪಿದವು.

ಅಷ್ಟು ಹೊತ್ತಿಗಾಗಲೇ ಅವನು ವರ್ಷಗಳಿಂದ ಕಣ್ಣುಗವಸು ಧರಿಸಿಯೇ ಆಡುತ್ತಿದ್ದ. ಕಬ್ಬು ಕಡಿಯುವವನ ತಲೆಗೆ ಟವೆಲು ಉಂಟು, ಮೈಗೆ ತುಂಬುತೋಳಿನ ಅಂಗಿ ಉಂಟು. ಕಣ್ಣಿಗೆ ಮಾತ್ರ ಏನೂ ಇಲ್ಲ. ಕನ್ನಡಕ ಹಾಕಿಕೊಂಡರೆ ಬೆವರಿಗೆ ಮಬ್ಬಾಗಿ ಗಿಣ್ಣು ಕಾಣದೆಂಬುದು ಅವನ ದೂರು. ದೂರು ಸುಳ್ಳಲ್ಲ, ಟನ್ನಿನ ಲೆಕ್ಕದಲ್ಲಿ ಕೂಲಿ ಎಣಿಸುವವನು ಗಳಿಗೆಗೊಮ್ಮೆ ಗಾಜು ಒರೆಸುತ್ತ ನಿಲ್ಲುವುದು ಹೇಗೆ?