36 ನಿಮಿಷ, 36 ಗಂಟೆ

ಸೂಕ್ಷ್ಮ ಬೋಧನೆಯ ಒಂದು ಚಕ್ರಕ್ಕೆ ನಮ್ಮ ಪಠ್ಯಗಳು ಕೊಡುವ ಸಮಯ 36 ನಿಮಿಷ: ಬೋಧನೆಗೆ 6, ಹಿಮ್ಮಾಹಿತಿಗೆ 6, ಪುನರ್ಯೋಜನೆಗೆ 12, ಪುನರ್ಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆಯದು. ಅಂಕಿ ಹೊಂದಿದ್ದು ಕಾಕತಾಳೀಯ. ಒಳಗಿನ ಕೆಲಸ ಮಾತ್ರ ಒಂದೇ: ಮಾಡಿ ತೋರಿಸುವುದು, ಹೇಳಿಸಿಕೊಳ್ಳುವುದು, ತಿದ್ದುವುದು, ಮತ್ತೆ ತೋರಿಸುವುದು. ಆದರೆ ಹ್ಯಾಕಥಾನ್‌ನಲ್ಲಿ ತಿದ್ದದೆ ಗತ್ಯಂತರವಿಲ್ಲ. ನಮ್ಮಲ್ಲಿ ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದೇ ಪುನರ್ಬೋಧನೆಗೆ. ಪಾಠದ ಸಂಖ್ಯೆ ತುಂಬುತ್ತದೆ, ದಾಖಲೆ ಪುಸ್ತಕಕ್ಕೆ ಸಹಿ ಬೀಳುತ್ತದೆ. ಎಡವಿದ ಪಾಠವನ್ನು ಎರಡನೇ ಸಲ ಮಾಡುವ ಅವಕಾಶ ಪ್ರಶಿಕ್ಷಣಾರ್ಥಿಗೆ ಸಿಗುವುದೇ ಇಲ್ಲ.

ಸ್ಟಾರ್ಟಪ್‌ಗಳ ಕಥೆಯಲ್ಲಿ ನಮಗೆ ಬೇಕಾದ್ದು ಈ ಎರಡನೇ ಸಲವೇ, ಕೋಟಿಗಳ ಲೆಕ್ಕವಲ್ಲ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮ ಮರುವರ್ಷ ಗೆಳೆಯರೊಂದಿಗೆ ರೆಡ್‌ಬಸ್ ಕಟ್ಟಿದರು. ಮೊದಲು ಅವರು ಮಾಡಿದ್ದು ಬಸ್ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರ್. ಮಾಲೀಕರು ಅದರಲ್ಲಿ ಆಸಕ್ತಿ ತೋರಲಿಲ್ಲ. ಆಗ ಟಿಕೆಟ್ ಮಾರುವ ಕೆಲಸಕ್ಕೆ ತಾವೇ ಇಳಿದರು. ತಾನು ಕಷ್ಟಪಟ್ಟು ಮಾಡಿದ್ದು ಎದುರಿಗಿರುವವರಿಗೆ ಬೇಡವಾಯಿತು ಎಂದಾಗ ಅವರನ್ನು ದೂರದೆ ತನ್ನ ಯೋಜನೆಯನ್ನೇ ಮತ್ತೆ ನೋಡುವುದು ಶಿಕ್ಷಕನಿಗೂ ಬೇಕಾದ ಗುಣ. ಪಾಠ ತಲುಪದಿದ್ದರೆ ‘ಮಕ್ಕಳೇ ಮಂದ’ ಎನ್ನುವವರು ನಮ್ಮ ನಡುವೆ ಕಡಿಮೆಯೇನಿಲ್ಲ.

ಹಾಗೆಂದು ಹ್ಯಾಕಥಾನ್‌ಗಳನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಐದು ನಿಮಿಷದ ಪ್ರದರ್ಶನ ಚೆನ್ನಾಗಿದ್ದರೆ ಟೊಳ್ಳು ಕೆಲಸವೂ ಗೆಲ್ಲಬಹುದು. ಇಳಕಲ್ ನೇಕಾರರಿಗೆ ಏನಾದರೂ ಮಾಡಿ ಎಂದರೆ ಹತ್ತರಲ್ಲಿ ಒಂಬತ್ತು ತಂಡ ಸೀರೆ ಮಾರುವ ಆ್ಯಪ್ ತರುತ್ತವೆ ಎಂದು ನನ್ನ ಊಹೆ. ಒಂದು ದಿನ ಮಗ್ಗದ ಮನೆಯಲ್ಲಿ ಕುಳಿತವರಿಗೆ ಬೇರೆಯೇ ಪ್ರಶ್ನೆ ಕಾಣುತ್ತದೆ: ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಬೇಕು. ಕಣ್ಣಿಗೂ ಬೆರಳಿಗೂ ಶ್ರಮದ ಕೆಲಸ. ಆ ಮನೆಯ ಮಗುವಿಗೆ ಇದು ಗೊತ್ತು, ನಮ್ಮ ಪ್ರಶಿಕ್ಷಣಾರ್ಥಿಗೆ ಗೊತ್ತಿಲ್ಲದಿರಬಹುದು. ಇಲ್ಲಿ ಕಲಿಸುವವರು ಯಾರು?

ಬಿ.ಇಡಿ.ಯ 20 ವಾರಗಳ ಶಾಲಾ ಇಂಟರ್ನ್‌ಶಿಪ್‌ನಲ್ಲಿ ಎರಡು ಶನಿವಾರಗಳನ್ನು ಇದಕ್ಕೆ ಬಿಡಿ ಎಂಬುದು ನನ್ನ ಬೇಡಿಕೆ. ಸಮಸ್ಯೆ ಮಕ್ಕಳೇ ಹೇಳಲಿ. ಬಾದಾಮಿಯಲ್ಲಿ ಬುತ್ತಿ ಕಸಿಯುವ ಮಂಗಗಳು, ಹುನಗುಂದದ ಎರೆಹೊಲದ ದಾರಿಯಲ್ಲಿ ಮಳೆಗಾಲದ ನಡಿಗೆ, ಬಾಗಲಕೋಟೆಯ ಬೇಸಿಗೆಯಲ್ಲಿ ಕಾದ ತರಗತಿ ಕೋಣೆ, ಯಾವುದಾದರೂ ಆಗಲಿ. ಮೊದಲ ಶನಿವಾರ ಮಾದರಿ ಮಾಡಿ ಬಳಸುವವರ ಕೈಗೆ ಕೊಡುವುದು. ನಡುವಿನ ವಾರ ಅವರ ದೂರು ಕೇಳುವುದು. ಎರಡನೇ ಶನಿವಾರ ತಿದ್ದುವುದು. ಅಟಲ್ ಟಿಂಕರಿಂಗ್ ಲ್ಯಾಬ್‌ಗೆ 20 ಲಕ್ಷದವರೆಗೆ ಅನುದಾನವಿದೆ, ನಿಜ. ಅದು ಸಿಗದ ಶಾಲೆಗೆ ರಟ್ಟು, ಸುತ್ತಲಿ, ಹಳೆಯ ಸೈಕಲ್ ಟ್ಯೂಬ್ ಸಾಕು. ಸ್ಮಾರ್ಟ್ ಇಂಡಿಯಾ ತಂಡದ ನಿಯಮವನ್ನೂ ತರಬಹುದು: 6 ಜನ, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ. (ನಮ್ಮ ಬಿ.ಇಡಿ. ತರಗತಿಗಳಲ್ಲಿ ಇದನ್ನು ‘ಒಬ್ಬನಾದರೂ ವಿದ್ಯಾರ್ಥಿ’ ಎಂದು ತಿರುಗಿಸಬೇಕಾದೀತು.)

ಪಾಠ್ಯಭಾಗ ಮುಗಿಯುವುದಿಲ್ಲ ಎಂದು ಮುಖ್ಯಗುರುಗಳು ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಅದಕ್ಕೇ ಎರಡೇ ಶನಿವಾರ ಕೇಳಿದ್ದು. ಅಂಕ ಕೊಡುವುದು ಮಾದರಿಯ ಅಂದಕ್ಕಲ್ಲ, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ. ನಮ್ಮ ವೀಕ್ಷಣಾ ಹಾಳೆಯಲ್ಲಿ ‘ಏನು ಬದಲಿಸಿದಿರಿ, ಯಾರ ಮಾತು ಕೇಳಿ?’ ಎಂಬ ಕಲಂ ಇಲ್ಲ. ಅದಕ್ಕಾಗಿ ವಿಶ್ವವಿದ್ಯಾಲಯದ ಆದೇಶ ಕಾಯಬೇಕಿಲ್ಲ, ಹಾಳೆಯ ಹಿಂಬದಿ ಖಾಲಿಯೇ ಇದೆ.